ಇನ್ನೂ ಉಜ್ಜದ ಚಾಕು

ಶೆಫೀಲ್ಡ್, 1974

ಜನವರಿ 22, ಮಂಗಳವಾರ

ಎಡಗೈ ಬರಹ ಇದು. ನರ್ಸ್ ಓಪಲ್ ಈ ಪುಸ್ತಕ ಕೊಟ್ಟಳು. ದಿನಕ್ಕೊಂದು ಸಾಲಾದರೂ ಬರೆಯಿರಿ ಅಂದಳು. ಬರೆದೆ.

ಜನವರಿ 24, ಗುರುವಾರ

ಬಲಗೈ ಯಾರದೋ ಕೈಯ ಹಾಗೆ ಮಡಿಲಲ್ಲಿ ಬಿದ್ದಿರುತ್ತದೆ. ಜೊತೆ ಕೆಲಸದ ಫ್ಲಾರಿ ಆಲೂಗಡ್ಡೆ ತುಂಡು ಮಾಡಿ ಕೊಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ.

ಜನವರಿ 31, ಗುರುವಾರ

ಇವತ್ತು ಮೂರು ಸಾಲಿಗಿಂತ ಹೆಚ್ಚು ಬರೆಯುವ ಆಸೆ. ಶಾಯಿ ಒಣಗುವ ಮುಂಚೆಯೇ ಎಡಗೈ ಅದರ ಮೇಲೆ ಹರಿಯುತ್ತದೆ, ಅಂಗಿಯ ತೋಳಿನ ಅಂಚೆಲ್ಲ ನೀಲಿ.

ಈ ತಿಂಗಳ ನಾಲ್ಕನೇ ತಾರೀಕು, ಉಜ್ಜುವ ಚಕ್ರದ ಮುಂದೆಯೇ ಲಕ್ವ ಹೊಡೆದು ಕುಸಿದು ಬಿದ್ದೆನಂತೆ. ಪಕ್ಕದ ಚಕ್ರದಲ್ಲಿದ್ದ ಫ್ಲಾರಿ ನನ್ನ ತಲೆ ಕಲ್ಲುನೆಲಕ್ಕೆ ಬಡಿಯದ ಹಾಗೆ ತನ್ನ ಕಾಲು ಚಾಚಿದಳಂತೆ. ಅವಳ ಮೊಣಕಾಲಿನ ಕಪ್ಪು ಕಲೆ ಇನ್ನೂ ಹೋಗಿಲ್ಲ. ಮಾತು ಎರಡೇ ದಿನದಲ್ಲಿ ಬಂತು, ಕಾಲು ವಾರದಲ್ಲಿ ಬಂತು. ಅರವತ್ಮೂರರ ಮುದುಕಿಗೆ ಇಷ್ಟು ಬೇಗ ಇಷ್ಟೆಲ್ಲ ವಾಪಸ್ಸು ಬಂದದ್ದು ಸಣ್ಣ ದಯೆಯೇನಲ್ಲ. ಕೈ ಮಾತ್ರ ಹಿಂದೆ ಉಳಿದಿದೆ.

"ನೀನೇನೂ ಕಳ್ಕೊಂಡಿಲ್ಲ ಕಣೇ," ಅಂದಳು ಫ್ಲಾರಿ. "ಕಲ್ಲಿದ್ದಲಿಲ್ಲ ಅಂತ ವಾರಕ್ಕೆ ಮೂರೇ ದಿನ ಕರೆಂಟು. ಉಳಿದ ದಿನ ಚಕ್ರದ ಮುಂದೆ ಕೂತು ಒಬ್ಬರ ಮೂಗು ಒಬ್ಬರು ನೋಡ್ತೀವಿ."

ಫೆಬ್ರವರಿ 5, ಮಂಗಳವಾರ

ಆಸ್ಪತ್ರೆ. ಡಾಕ್ಟರು ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗ, ಆದರೆ ಸಮಾಧಾನಿ.

"ಕಣ್ಣು ಮುಚ್ಕೊಳ್ಳಿ ಮಿಸೆಸ್ ಸ್ಟಾನಿಫೋರ್ತ್. ಸೂಜಿ ಚುಚ್ಚಿದಾಗೆಲ್ಲ 'ಹೂಂ' ಅನ್ನಿ."

ಮುಚ್ಚಿಕೊಂಡು ಕೂತೆ. ಎಷ್ಟು ಹೊತ್ತಾದರೂ ಏನೂ ಇಲ್ಲ. "ಶುರು ಮಾಡಿ ಡಾಕ್ಟ್ರೇ, ನನಗೇನೂ ಹೆದರಿಕೆ ಇಲ್ಲ," ಅಂದೆ.

"ಮುಗೀತಮ್ಮ," ಅಂದರು.

ಕಣ್ಣು ತೆರೆದೆ. ಹೆಬ್ಬೆರಳಿನ ತುದಿಯಲ್ಲಿ ನಾಲ್ಕು ಕೆಂಪು ಚುಕ್ಕಿ.

ಕೈಯ ಶಕ್ತಿ ವ್ಯಾಯಾಮದಿಂದ ಬರುತ್ತದಂತೆ. ಸ್ಪರ್ಶದ ವಿಷಯ ಹೇಳಲಾಗದಂತೆ. ಬರುವುದಾದರೆ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಬರುತ್ತದಂತೆ. ಏಪ್ರಿಲ್ ಒಂಬತ್ತಕ್ಕೆ ಮತ್ತೆ ಚುಚ್ಚಿ ನೋಡುತ್ತಾರೆ. ಏನು ಕೆಲಸ ಎಂದು ಕೇಳಿದರು. ಜೇಬುಚಾಕುಗಳ ಕೊಂಬಿನ ಹಿಡಿಗೆ ಹೊಳಪು ಕೊಡುವುದು ಅಂದೆ. ಸ್ಪರ್ಶ ಬರದೆ ಓಡುವ ಚಕ್ರದ ಹತ್ತಿರ ಸುಳಿಯಬೇಡಿ ಅಂದರು.

ಅವರು ಹೇಳದಿದ್ದರೂ ನನಗೆ ಗೊತ್ತಿತ್ತು. ಕೊಂಬು ಚಕ್ರಕ್ಕೆ ತಾಗಿದರೆ ಕಾಯುತ್ತದೆ. ಒಂದು ಉಸಿರಿನಷ್ಟು ಹೆಚ್ಚಾದರೂ ಸುಟ್ಟು ಹೋಗುತ್ತದೆ. ಅದನ್ನು ಹೇಳುವುದು ಹೆಬ್ಬೆರಳು. ನಲವತ್ತಾರು ವರ್ಷ ನನ್ನ ಹೆಬ್ಬೆರಳು ಹೇಳಿತು, ನಾನು ಕೇಳಿದೆ. ಈಗ ಅದು ಸುಮ್ಮನಾಗಿದೆ.

ಫೆಬ್ರವರಿ 9, ಶನಿವಾರ

ನರ್ಸ್ ಓಪಲ್ ಕೊಟ್ಟ ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೇಸರ ಬಂದಿದೆ. ಅವಳಿಗೆ ಹೇಳಿದೆ. ನಕ್ಕಳು. "ಹಾಗಾದ್ರೆ ಹೆಬ್ಬೆರಳಿಗೆ ಆಸೆ ಹುಟ್ಟೋವಂಥ ಕೆಲಸ ಕೊಡಿ ಅಮ್ಮಾ. ನಮ್ಮಜ್ಜಿಗೆ ಹೀಗಾದಾಗ ಬಟಾಣಿ ಸುಲಿಯೋಕೆ ಕೂರಿಸಿದ್ವಿ."

ನನ್ನ ಹೆಬ್ಬೆರಳಿಗೆ ಯಾವುದರ ಆಸೆ? ಇಡೀ ಮಧ್ಯಾಹ್ನ ಯೋಚಿಸಿದೆ. ಸಾವಿರಾರು ಜೇಬುಚಾಕು ಅದರ ಕೆಳಗೆ ಹಾದು ಹೋದವು, ಒಂದೂ ನನ್ನ ಜೇಬಿಗೆ ಬರಲಿಲ್ಲ. ತಂದೆಗೆ ಒಂದಿತ್ತು, ಯಜಮಾನರಿಗೆ ಒಂದಿತ್ತು, ಅವರ ಜೊತೆಗೇ ಹೋಯಿತು. ನನಗೆ ಬೇಕು ಅನ್ನಿಸಿರಲೇ ಇಲ್ಲ. ಈಗ ಅನ್ನಿಸಿದೆ.

ಬೀಗವಿಲ್ಲದ, ಗುಂಡಿಯಿಲ್ಲದ ನಮ್ಮೂರಿನ ಹಳೇ ತರಹದ ಮಡಚುವ ಚಾಕು. ಅಲಗನ್ನು ತೆರೆದಿಡುವುದೂ ಮುಚ್ಚಿಡುವುದೂ ಬೆನ್ನಿಗಿರುವ ಒಂದೇ ಸ್ಪ್ರಿಂಗ್. ಎಡಗೈಯಲ್ಲಿ ಹಿಡಿದು, ಅಲಗಿನ ಮೇಲಿನ ಗೀರಿಗೆ ಬಲ ಹೆಬ್ಬೆರಳಿನ ಉಗುರು ಸಿಕ್ಕಿಸಿ ಎಳೆಯಬೇಕು. ರಬ್ಬರ್ ಚೆಂಡಿಗಿಂತ ಇದು ಮೇಲು. ತೆರೆದರೆ ಒಂದು ಸೇಬಾದರೂ ಸಿಗುತ್ತದೆ.

ಕ್ರಿಸ್ಮಸ್ ಡಬ್ಬಿಯಲ್ಲಿ ಎರಡು ಪೌಂಡ್ ಇದೆ. ಅಷ್ಟರಲ್ಲೇ ಆಗಬೇಕು.

ಫೆಬ್ರವರಿ 11, ಸೋಮವಾರ

ಸಂತೆಕಟ್ಟೆಗೆ ಹೋಗಿ ಕೊಂಡು ತಂದೆ. ಅರ್ಧ ಪೌಂಡಿಗೆ ಕನ್ನಡಿಯಂಥ ಹೊಳಪು. "ಬೇಕಾದ್ರೆ ಇದರಲ್ಲೇ ಮುಖ ನೋಡ್ಕೊಂಡು ತಲೆ ಬಾಚ್ಕೊಳ್ಳಿ ಅಮ್ಮಾ!" ಅಂದ ಅಂಗಡಿಯವ. ನನ್ನ ಸೋತ ಬೆರಳಿಗೂ ಬೆಣ್ಣೆಯ ಹಾಗೆ ತೆರೆಯಿತು. ಎಷ್ಟು ಖುಷಿಯಾಯಿತೆಂದರೆ ಬಸ್ಸಿನಲ್ಲಿ ಎರಡು ಸಲ ತೆಗೆದು ನೋಡಿದೆ.

ಫೆಬ್ರವರಿ 12, ಮಂಗಳವಾರ

ಬೆಳಿಗ್ಗೆ ಹೊಸ ಚಾಕುವಿನಲ್ಲಿ ಬ್ರೆಡ್ ಕತ್ತರಿಸಿದೆ, ಬೆಣ್ಣೆ ಹಚ್ಚಿದೆ. ಫ್ಲಾರಿ ಬಾಗಿಲಲ್ಲಿ ನಿಂತು, "ಏನೇ ಹೆಟ್ಟಿ, ಜಾಮ್ ಯಾವಾಗ ತಂದೆ?" ಅಂದಳು.

ಜಾಮ್ ಇರಲಿಲ್ಲ. ರಕ್ತ. ಅಲಗು ಮಡಚಿ ಹೆಬ್ಬೆರಳಿನ ಮೇಲೇ ಬಿದ್ದಿದೆ, ನನಗೆ ಗೊತ್ತೇ ಆಗಿಲ್ಲ. ಎರಡನೇ ಚೂರು ಕತ್ತರಿಸುತ್ತಾ ಇದ್ದೆ.

ಫ್ಲಾರಿ ಬೆರಳಿಗೆ ಬಟ್ಟೆ ಸುತ್ತಿ, ಆಮೇಲೆ ಚಾಕು ಎತ್ತಿ ಅಲ್ಲಾಡಿಸಿದಳು. ಬೀಳುವ ಹಲ್ಲಿನ ಹಾಗೆ ಅಲಗು ಆಚೀಚೆ ಆಡಿತು. ಸ್ಪ್ರಿಂಗ್‌ಗೆ ಜೀವವೇ ಇಲ್ಲ. ಸುಲಭಕ್ಕೆ ತೆರೆದದ್ದು ಅದಕ್ಕೇ. "ಜೀವಮಾನ ಇಡೀ ಚಾಕು ಉಜ್ಜಿದವಳು ಸಂತೇಲಿ ಟೋಪಿ ಹಾಕಿಸ್ಕೊಂಡು ಬಂದಿದಾಳೆ! ಹೊಳಪು ನೋಡಿ ತಂದ್ಯಾ?"

ಹೌದು, ಹೊಳಪು ನೋಡಿಯೇ ತಂದೆ. ನಮ್ಮ ಕೆಲಸದವರು ನೋಡುವುದೇ ಅದನ್ನು.

ಅವಳು ಹೋದ ಮೇಲೆ ಅತ್ತೆ. ಗಾಯಕ್ಕಲ್ಲ. ಗಾಯ ನೋಯಲಿಲ್ಲವಲ್ಲ, ಅದಕ್ಕೆ.

ಫೆಬ್ರವರಿ 16, ಶನಿವಾರ

ಪೇಟೆಯ ದೊಡ್ಡ ಅಂಗಡಿ. "ಯಜಮಾನರಿಗಾ?" ಎಂದು ಕೇಳಿದ ಅಂಗಡಿಯವರು. ನನಗೇ ಅಂದಾಗ ಹುಬ್ಬೇರಿಸಲಿಲ್ಲ, ಕುರ್ಚಿ ಕೊಟ್ಟರು. ಪುಣ್ಯಾತ್ಮರು. ಐದು ಚಾಕು ಮುಂದಿಟ್ಟರು. ಒಂದೊಂದೂ ಗಟ್ಟಿ, ನೆಟ್ಟಗೆ. ಒಂದನ್ನೂ ತೆರೆಯಲಾಗಲಿಲ್ಲ. ಐದನೆಯದಕ್ಕೆ ಉಗುರು ಮುರಿಯಿತು. ಬೆಲೆಯೂ ನನ್ನ ಡಬ್ಬಿಗೆ ಎಟುಕುವಂತಿರಲಿಲ್ಲ. ಒಂದರ್ಥದಲ್ಲಿ ಬೆಲೆಯೇ ನನ್ನ ಮಾನ ಉಳಿಸಿತು. ದುಬಾರಿಯಾಯಿತು ಎಂದು ಹೇಳಿ ಎದ್ದು ಬಂದೆ.

ಫೆಬ್ರವರಿ 26, ಮಂಗಳವಾರ

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದಿರಲಿಲ್ಲ.

ಇವತ್ತು ಈಸ್ಟರಿನ ಉಪವಾಸದ ದಿನಗಳ ಮುಂಚಿನ ದೋಸೆ ಮಂಗಳವಾರ. ಫ್ಲಾರಿ ನಿಂಬೆ ಹಿಂಡಿ ಸಕ್ಕರೆ ಉದುರಿಸಿದ ಸಿಹಿ ದೋಸೆ ತಂದಳು. ನಾಲ್ಕು ತಿಂದೆ. ತಿನ್ನುವಾಗ ಮೆಲ್ಲಗೆ ಅಂದಳು, "ರೂಬೆನ್ ಮೇಸ್ತ್ರಿ ಹತ್ರ ಯಾಕೆ ಹೋಗಿಲ್ಲ?"

ನಮ್ಮ ಚಕ್ರಗಳಿರುವ ಅಂಗಳದ ಮೇಲಿನ ಕೋಣೆಯಲ್ಲಿ ರೂಬೆನ್ ಬ್ರಾಮಲ್ ಒಬ್ಬನೇ ಕೂತು ಚಾಕು ಮಾಡುತ್ತಾನೆ. ಇಪ್ಪತ್ತೆರಡು ವರ್ಷದಿಂದ ಅವನ ಚಾಕುಗಳಿಗೆ ಹೊಳಪು ಕೊಟ್ಟವಳು ನಾನು.

"ಈಗ ಯಾರು ಉಜ್ತಾರೋ ಅವರ ಮುಂದೆ ಹೋಗಿ ನಿಂತ್ಕೊಳ್ಳಲಾ?" ಅಂದೆ.

"ಯಾರೂ ಉಜ್ತಿಲ್ಲ. ನಾನೇ ಕೇಳ್ದೆ, ನನಗೂ ಕೊಡಲ್ಲ ಅಂದ. ಜನವರಿಯಿಂದ ಮಾಡಿದ್ದನ್ನೆಲ್ಲ ಒಂದು ಪೆಟ್ಟಿಗೇಲಿ ಹಾಕಿಟ್ಟಿದಾನೆ. ಅವಳು ಬರ್ತಾಳೆ ಅಂತಾನೆ. ಮುದುಕನಿಗೆ ಹಟ."

ಐದನೇ ದೋಸೆ ತಿಂದೆ.

ಫೆಬ್ರವರಿ 28, ಗುರುವಾರ

ಓಟು ಹಾಕಿದೆ, ಎಡಗೈಯಲ್ಲಿ. ನಾನೆಳೆದ ಕತ್ತರಿ ಗುರುತಿನ ಒಂದು ಕಾಲು ಪಕ್ಕದ ಅಭ್ಯರ್ಥಿಯ ಮನೆಗೆ ಹೋಗುವುದರಲ್ಲಿತ್ತು.

ಮಾರ್ಚ್ 2, ಶನಿವಾರ

ಹೋದೆ. ಹದಿನೆಂಟು ಮೆಟ್ಟಿಲು, ಎರಡು ಸಲ ನಿಂತೆ. ರೂಬೆನ್ ಮೇಸ್ತ್ರಿ ತಲೆ ಎತ್ತಲಿಲ್ಲ, ಅರ ಉಜ್ಜುತ್ತಲೇ ಇದ್ದ.

"ತಡವಾಯ್ತಲ್ಲ ಹುಡುಗಿ."

ಎಪ್ಪತ್ತೊಂದರ ಅವನಿಗೆ ನಾನಿನ್ನೂ ಹುಡುಗಿ. "ನಿನ್ನ ಮೆಟ್ಟಿಲು ಹೆಚ್ಚಾಗಿವೆ ಮೇಸ್ತ್ರಿ," ಅಂದೆ.

ಒಲೆಯ ಪಕ್ಕ ಕೂರಿಸಿ, ಕಪ್ಪು ಟೀ ಬಗ್ಗಿಸಿ ಕೊಟ್ಟ. ನಾನು ಸಂತೆಯ ಚಾಕುವನ್ನೂ ಹೆಬ್ಬೆರಳನ್ನೂ ತೋರಿಸಿದೆ. ಎರಡನ್ನೂ ಒಂದೇ ಗಾಂಭೀರ್ಯದಲ್ಲಿ ನೋಡಿದ.

"ಕಣ್ಣಲ್ಲಿ ಕೊಂಡಿದೀಯ. ಚಾಕುವಿನ ನಡೆ ನೋಡ್ಬೇಕು, ನುಡಿ ಕೇಳ್ಬೇಕು. ಮುಚ್ಚು ಕಣ್ಣು."

ಮುಚ್ಚಿದೆ. ಒಂದೊಂದೇ ಚಾಕು ತೆರೆದು ಮುಚ್ಚಿದ. ಚಟ್. ಟಪ್. ಒಂದು ಗೊರಗೊರ ಅಂತು. ಒಂದಕ್ಕೆ ದನಿಯೇ ಇಲ್ಲ, ಅದು ನನ್ನ ಸಂತೆಯದು. ಆಮೇಲೆ ಒಂದು ಅರ್ಧಕ್ಕೆ ಬಂದು ನಿಂತು ಉಸಿರು ತೆಗೆದುಕೊಂಡು 'ಟಕ್' ಎಂದು ಕೂತಿತು, ಒಳ್ಳೆಯ ಮನೆಯ ಬಾಗಿಲು ಹಾಕಿದ ಹಾಗೆ.

"ಅದು!" ಅಂದೆ.

ಕಣ್ಣು ತೆರೆದರೆ ಅವನ ಅಂಗೈಯಲ್ಲಿ ಬೂದು ಬಣ್ಣದ ಚಾಕು. ಒಂದೇ ಅಲಗು, ಬೆರಳುದ್ದ. ಎಮ್ಮೆಕೊಂಬಿನ ಹಿಡಿಯ ತುಂಬ ಅರದ ಗೀರು. ಪಕ್ಕದಲ್ಲಿ ಪೆಟ್ಟಿಗೆ. ಫ್ಲಾರಿ ಹೇಳಿದ ಪೆಟ್ಟಿಗೆ. ನಲವತ್ತಾದರೂ ಇದ್ದವು, ಎಲ್ಲವೂ ಬೂದು, ಎಲ್ಲವೂ ನನಗಾಗಿ ಕಾಯುತ್ತಿದ್ದವು.

ತೆರೆಯಲು ಹೋದೆ, ಆಗಲಿಲ್ಲ. "ಸ್ಪ್ರಿಂಗ್ ಸ್ವಲ್ಪ ತೆಳ್ಳಗೆ ಮಾಡಿಕೊಡ್ತೀಯಾ?" ಎಂದು ಕೇಳಿದೆ.

"ಇಲ್ಲ. ತೆಳು ಮಾಡಿದ ಸ್ಪ್ರಿಂಗ್ ಮತ್ತೆ ದಪ್ಪ ಆಗಲ್ಲ. ನಾಳೆ ನಿನ್ನ ಬೆರಳು ಗಟ್ಟಿಯಾದ್ಮೇಲೆ ಅದನ್ನಿಟ್ಕೊಂಡು ಏನ್ಮಾಡ್ತೀಯ?"

ಆದಮೇಲೆ ಅಂದ. ಆದರೆ ಅನ್ನಲಿಲ್ಲ.

ಬೆಲೆ ಕೇಳಿದೆ. ಹೊಳಪು ಕೊಟ್ಟದ್ದಾದರೆ ಮೂರೂವರೆ ಪೌಂಡ್, ಉಜ್ಜದ್ದಾದರೆ ಒಂದೂವರೆ. "ಉಜ್ಜೋಳು ನೀನೇ ಅಲ್ವಾ, ನಿನ್ನ ಕೂಲಿ ನಿನ್ನತ್ರಾನೇ ಹೇಗೆ ಇಸ್ಕೊಳ್ಳಲಿ?" ಅಂದ. ಸುಮ್ಮನೆ ಕೊಡಬೇಕೆಂದು ಅವನಿಗೆ ಆಸೆ, ಮುಖದಲ್ಲೇ ಕಾಣುತ್ತಿತ್ತು. ಆದರೆ ಈ ಊರಲ್ಲಿ ಚಾಕುವನ್ನು ಯಾರೂ ಬಿಟ್ಟಿ ಕೊಡುವುದಿಲ್ಲ, ಸ್ನೇಹ ಕಡಿಯುತ್ತದೆ ಎಂಬ ಹೆದರಿಕೆ. ಒಂದೂವರೆ ಕೊಟ್ಟೆ. ಕಾಲರಿನ ಒಳಗೇ ಏನೋ ಗೊಣಗಿ ತೆಗೆದುಕೊಂಡ.

ಮಾರ್ಚ್ 9, ಶನಿವಾರ

ಕರೆಂಟು ವಾರ ಪೂರ್ತಿ ಬಂದಿದೆ. ಡಾಕ್ಟರ ಮಾತು ಮೀರಿದೆ.

ಫ್ಲಾರಿ ಬೈಯುತ್ತಲೇ ನನ್ನ ತಲೆಗೆ ಕೆಂಪು ಬಟ್ಟೆ ಬಿಗಿದು, ಚಕ್ರದ ಹೊಲಸು ಸಿಡಿಯದ ಹಾಗೆ ಎದೆಗೆ ಕಂದು ಕಾಗದ ಕಟ್ಟಿದಳು. "ಹೆಣಕ್ಕೆ ಸಿಂಗಾರ ಮಾಡ್ತಿರೋ ಹಾಗಿದೆ," ಅಂದಳು. "ಬದುಕಿರೋಳಿಗೆ ಇಷ್ಟು ಬಿಗಿ ಯಾಕೆ ಕಟ್ತೀಯ?" ಅಂದೆ. ಚಾಕು ಮಡಚಿಯೇ ಇರುತ್ತದೆ, ಅಲಗಿನ ಭಯವಿಲ್ಲ. ಅವಳು ಹಿಂದೆ ನಿಂತು ನನ್ನ ಮೊಣಕೈ ಹಿಡಿದಳು. ಹೊಳಪು ತರುವ ಎಣ್ಣೆಮರಳು ಹಚ್ಚಿ ಚಕ್ರಕ್ಕೆ ತಾಗಿಸಿದೆ. ಆ ಸದ್ದು! ಎರಡು ತಿಂಗಳಾದ ಮೇಲೆ ಮನೆಗೆ ಬಂದ ಹಾಗಾಯಿತು. ಬೂದು ಹೋಗಿ ಕೊಂಬಿನೊಳಗಿನ ಕಪ್ಪು ನೀರಿನ ಹಾಗೆ ಮೇಲೆ ಬಂತು. ಚೆನ್ನಾಗಿ ಬರುತ್ತಿದೆ, ಚೆನ್ನಾಗಿ ಬರುತ್ತಿದೆ ಅಂದುಕೊಳ್ಳುತ್ತಿದ್ದೆ.

ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು.

ಫ್ಲಾರಿ ಕೈ ಎಳೆದಳು. ಹಿಡಿಯ ಮೇಲೆ, ಸರಿಯಾಗಿ ಹೆಬ್ಬೆರಳು ಕೂರುವ ಜಾಗದಲ್ಲಿ, ಕಾಳಿನಷ್ಟು ಕಂದು ಕಲೆ. ಕೆಲಸ ಕಲಿತ ಮೊದಲ ವರ್ಷದ ನಂತರ ನಾನು ಕೊಂಬು ಸುಟ್ಟಿದ್ದಿಲ್ಲ.

ಮಾರ್ಚ್ 10, ಭಾನುವಾರ

ಏನೂ ಇಲ್ಲ.

ಮಾರ್ಚ್ 13, ಬುಧವಾರ

ರೂಬೆನ್ ಮೇಸ್ತ್ರಿ ಮೆಟ್ಟಿಲಿಳಿದು, ಎರಡು ಬೀದಿ ದಾಟಿ ನನ್ನ ಮನೆಗೇ ಬಂದ. ಅವನು ಹಾಗೆ ಬರುವವನಲ್ಲ. ಚಾಕು ನೋಡಿದ, ಕಲೆಯ ಮೇಲೆ ಉಗುರು ಆಡಿಸಿದ.

"ಬೇರೆ ಕೊಂಬು ಹಾಕಿಕೊಡ್ತೀನಿ. ಒಂದು ಗಂಟೆ ಕೆಲಸ."

"ಬೇಡ, ಇರಲಿ," ಅಂದೆ. ಯಾಕೆ ಹಾಗಂದೆನೋ. ಅದು ನನ್ನ ತಪ್ಪು, ನನ್ನ ಚಾಕುವಿನಲ್ಲೇ ಇರಲಿ ಅನ್ನಿಸಿತು.

"ಹಾಗಾದ್ರೆ ದಿನಾ ತೆಗೆ, ಮುಚ್ಚು. ಟೀ ಕಾಯೋ ಹೊತ್ತಲ್ಲಿ," ಅಂದ. ಬಾಗಿಲಲ್ಲಿ ತಿರುಗಿ, "ಪೆಟ್ಟಿಗೆ ತುಂಬ್ತಾ ಇದೆ. ಇನ್ನೊಂದು ಪೆಟ್ಟಿಗೆ ತಗೋಬೇಕಾ ಬೇಡ್ವಾ, ಈಸ್ಟರ್ ಹೊತ್ತಿಗೆ ಹೇಳು."

ಮಾರ್ಚ್ 19, ಮಂಗಳವಾರ

ತೆರೆಯಿತು! ಇಡೀ ಅಲ್ಲ, ಅರ್ಧದ ತನಕ. ಅಲ್ಲಿ ನಿಂತು ನನ್ನನ್ನೇ ನೋಡಿತು. ಟೀ ಕುದಿದು ಚೆಲ್ಲಿ ಒಲೆ ಆರಿತು. ಆರಲಿ.

ಮಾರ್ಚ್ 22, ಶುಕ್ರವಾರ

ಪೂರ್ತಿ. 'ಟಕ್.' ಒಂಬತ್ತು ಸಲ. ಗೋಡೆಯಾಚೆಯ ಮಿಸೆಸ್ ಕ್ರಾಪರ್, ಗಡಿಯಾರ ಕೆಟ್ಟಿದೆಯಾ ಎಂದು ಕೇಳಿದರು.

ಮಾರ್ಚ್ 27, ಬುಧವಾರ

ಹಿತ್ತಿಲ ಮೆಟ್ಟಿಲಲ್ಲಿ ಬಿಸಿಲಿಗೆ ಕೂತಿದ್ದೇನೆ. ಹುಳಿದಂಟಿನ ರೂಬಾರ್ಬ್ ಗಿಡದ ಮೊದಲ ಚಿಗುರು ಕೆಂಪಗೆ ಬಂದಿದೆ. ಎರಡು ದಂಟು ನನ್ನ ಚಾಕುವಿನಲ್ಲೇ ಕೊಯ್ದೆ; ಒಂದು ನನಗೆ, ಒಂದು ಫ್ಲಾರಿಗೆ. ಅಲಗು ಆಗಲೇ ನೀಲಿಗಪ್ಪಿಗೆ ತಿರುಗಿದೆ. ಹಳೇ ಉಕ್ಕು ಹೀಗೆಯೇ, ತಿಂದದ್ದೆಲ್ಲ ಮುಖದಲ್ಲಿ ತೋರಿಸುತ್ತದೆ.

ಎಡಗೈಯಲ್ಲಿ ಟೀ ಲೋಟ ಹಿಡಿದುಕೊಂಡು ಎರಡು ಪುಟ ಬರೆದುಬಿಟ್ಟಿದ್ದೇನೆ ನೋಡು, ಅದೂ ಇದೂ ಹರಟೆ. ಮೊದಲೆಲ್ಲ ಒಂದು ಸಾಲಿಗೇ ತೋಳು ಸೋಲುತ್ತಿತ್ತು. ಹರಟೆಯ ಪುಟ ಹರಿದಿಟ್ಟೆ, ಒಲೆಗೆ ಆದೀತು. ಮನಸ್ಸು ಹಗುರವಾಗಿದೆ, ಅಷ್ಟು ಬರೆದಿಟ್ಟರೆ ಸಾಕು.

ಬೆಳಿಗ್ಗೆ ಕೆಟಲಿನ ಹಿಡಿ ಮುಟ್ಟಿದಾಗ ಹೆಬ್ಬೆರಳಿಗೆ ಏನೋ ಆದ ಹಾಗಿತ್ತು. ಬಿಸಿ ಅಲ್ಲ, ದೂರದ ಕೋಣೆಯಲ್ಲಿ ಯಾರೋ ಬಿಸಿ ಅಂದ ಹಾಗೆ. ಮತ್ತೆ ಮುಟ್ಟಿದೆ, ಇರಲಿಲ್ಲ. ನನ್ನ ಆಸೆಯೇ ಹಾಗೆ ಅಂದಿರಬೇಕು. ಯಾರಿಗೂ ಹೇಳಿಲ್ಲ.

ಏಪ್ರಿಲ್ 3, ಬುಧವಾರ

ಮತ್ತೆ ಚಕ್ರದ ಮುಂದೆ ಕೂತೆ. ಹಿಡಿಯ ಇನ್ನೊಂದು ಮಗ್ಗುಲು ಇನ್ನೂ ಬೂದಾಗಿಯೇ ಇತ್ತು. ಫ್ಲಾರಿ ನನ್ನ ಬೆನ್ನಿಗೆ ನಿಂತು, "ನಾನು ಮೂಗು ಬಿಟ್ಕೊಂಡು ನಿಂತಿರ್ತೀನಿ, ವಾಸನೆ ಬಂದ ಕೂಡಲೇ ಎಳೀತೀನಿ," ಅಂದಳು.

ಅರ್ಧ ಉಜ್ಜಿದ್ದೆ. ಕೈ ಹಿಂದಕ್ಕೆ ಬಂತು.

"ಯಾಕೆ ನಿಲ್ಸಿದೆ?" ಅಂದಳು.

"ಬಿಸಿಯಾಯ್ತು."

"ನನಗೆ ವಾಸನೆ ಬರಲಿಲ್ವಲ್ಲ."

"ಬರಲ್ಲ. ಇನ್ನೂ ಸುಟ್ಟಿಲ್ಲ."

ಇಬ್ಬರೂ ಚಾಕು ನೋಡಿದೆವು. ಕಲೆಯಿಲ್ಲ. ಫ್ಲಾರಿ ಹಿಂದಿನಿಂದ ನನ್ನನ್ನು ಹಿಡಿದುಕೊಂಡಳು, ಎಣ್ಣೆಮರಳು ಮೆತ್ತಿದ ಕಾಗದದ ಸಮೇತ. ತುಂಬ ಹೊತ್ತು ಬಿಡಲಿಲ್ಲ. ಹಾಗೆಂದು ಇದನ್ನು ದೊಡ್ಡದು ಮಾಡಬಾರದು. ಅಭ್ಯಾಸಬಲದಿಂದ ಕೈ ತಾನಾಗಿ ಬಂದಿರಬಹುದು. ಡಾಕ್ಟರ ಸೂಜಿ ಏನನ್ನುತ್ತದೋ ಅದೇ ನಿಜ. ಇನ್ನು ಆರು ದಿನ.

ಏಪ್ರಿಲ್ 9, ಮಂಗಳವಾರ

ಇವತ್ತು ಚಿಕ್ಕದಾಗಿ ಬರೆಯುತ್ತೇನೆ, ಪೆನ್ನು ಮಾತು ಕೇಳುತ್ತಿಲ್ಲ.

ಆಸ್ಪತ್ರೆಗೆ ಹೊರಡುವ ಮುಂಚೆ ಗಾಬರಿಗೆ ಏನಾದರೂ ಮಾಡಬೇಕಲ್ಲ ಎಂದು ಸೇಬಿನ ಸಿಪ್ಪೆ ಸುಲಿಯುತ್ತಿದ್ದೆ, ಸಿಪ್ಪೆ ತುಂಡಾಗದ ಹಾಗೆ ಉದ್ದಕ್ಕೆ. ಅಲಗು ಜಾರಿ ಹೆಬ್ಬೆರಳಿಗೆ ಬಂತು. ಅಯ್ಯೋ ಎಂದು ಕೂಗಿದ ಕೂಗಿಗೆ ಮಿಸೆಸ್ ಕ್ರಾಪರ್ ಗೋಡೆ ಬಡಿದರು. ಸೇಬು ನೆಲದ ಮೇಲೆ ಉರುಳಿತು.

ಫ್ಲಾರಿ ಓಡಿ ಬಂದು ಬಟ್ಟೆ ಸುತ್ತುತ್ತಾ, "ಇವತ್ತೇ ಆಗ್ಬೇಕಿತ್ತಾ ಮಾರಾಯ್ತಿ? ಡಾಕ್ಟ್ರು ಏನಂತಾರೆ?" ಎಂದು ಬೈದಳು. ಬಟ್ಟೆಯ ಗಂಟು ಅರ್ಧಕ್ಕೇ ಬಿಟ್ಟಳು. ನನ್ನ ಮುಖ ನೋಡಿದಳು. "ಹೆಟ್ಟಿ. ನೀನು ಕೂಗಿದೆ."

ಡಾಕ್ಟರು ಬಟ್ಟೆ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಮ್ಮ? ರಕ್ತ ನೋಡಿ ಗೊತ್ತಾಯ್ತಾ?"

"ಇಲ್ಲ ಡಾಕ್ಟ್ರೇ. ಮೊದಲು ಕೂಗಿದೆ, ಆಮೇಲೆ ರಕ್ತ ನೋಡಿದೆ."

ಅವರ ಕೈಯಲ್ಲಿ ಸೂಜಿ ಇತ್ತು. ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದು, ತಟ್ಟೆಯಲ್ಲಿ ಇಟ್ಟರು. ಕೊಯ್ದದ್ದು ನನ್ನ ಜೇಬುಚಾಕು ಅಂದೆ, ತೋರಿಸಿ ಅಂದರು. ತೆರೆದು ಮುಚ್ಚಿ ಆ ಸದ್ದು ಕೇಳಿ, "ಚೆನ್ನಾಗಿದೆಯಲ್ಲ, ಎಲ್ಲಿ ಸಿಗುತ್ತೆ?" ಎಂದು ಕೇಳಿದರು. ಹದಿನೆಂಟು ಮೆಟ್ಟಿಲು ಹತ್ತಬೇಕು ಅಂದೆ. ಹೊಳಪಿಗೆ ಮಾತ್ರ ಸ್ವಲ್ಪ ದಿನ ಕಾಯಬೇಕು, ಕೆಲಸದವಳ ಕೈಗೆ ಗಾಯವಾಗಿದೆ ಅಂದೆ.

ಬರುವಾಗ ನಾನೂ ಫ್ಲಾರಿಯೂ ಹತ್ತಿ ಹೋಗಿ ರೂಬೆನ್ ಮೇಸ್ತ್ರಿಗೆ ಹೇಳಿ ಬಂದೆವು, ಇನ್ನೊಂದು ಪೆಟ್ಟಿಗೆ ಬೇಡ ಎಂದು. ಹೂಂ ಅಂದ. ಅರ ಕೆಳಗಿಟ್ಟು, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿದ.

ಬಟ್ಟೆ ಸುತ್ತಿದ ಬೆರಳಿನಲ್ಲಿ ಪೆನ್ನು ನಿಲ್ಲುವುದಿಲ್ಲ, ಅದಕ್ಕೇ ಇವತ್ತು ಎಡಗೈ. ಅಕ್ಷರ ನೋಡಿ ನನಗೇ ನಗು ಬರುತ್ತಿದೆ, ಮಳೆಗೆ ಸಿಕ್ಕಿದ ಕೋಳಿಗಳ ಹಾಗೆ ಎತ್ತೆತ್ತಲೋ ಓಡುತ್ತಿವೆ. ತೋಳಿನ ಅಂಚಿಗೆ ಮತ್ತೆ ಶಾಯಿ. ಈ ಕೈಯಲ್ಲಿ ಬರೆಯುವುದನ್ನು ಯಾವತ್ತು ಬಿಟ್ಟೆನೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಚಾಕು ಮೇಜಿನ ಮೇಲಿದೆ, ಕಂದು ಕಲೆ ಮೇಲಾಗಿ. ಹೆಬ್ಬೆರಳು ಮಿಡಿಯುತ್ತಿದೆ, ಒಂದೇ ಸಮನೆ.

ಮಿಡಿಯಲಿ.